ಆಂಟೆನಾ ಟಿವಿಯ ಚಿತ್ರ ಒಡೆಯುತ್ತಿದ್ದರೆ ತಪ್ಪು ಪತ್ತೆ ಹಚ್ಚುವ ಬಗೆ

ಆಂಟೆನಾದಿಂದ ನೋಡುವ ಟಿವಿಯಲ್ಲಿ ಚಿತ್ರ ಚೌಕಚೌಕವಾಗಿ ಒಡೆದು, ಮಾತು ತುಂಡಾಗಿ, ಕೊನೆಗೆ ‘ಸಿಗ್ನಲ್ ಇಲ್ಲ’ ಎಂದು ತೆರೆ ಕಪ್ಪಾದಾಗ ಹೆಚ್ಚಿನವರು ಮೊದಲು ಯೋಚಿಸುವುದು ಸಿಗ್ನಲ್ ದೊಡ್ಡದು ಮಾಡುವ ಬೂಸ್ಟರ್ ಬಗ್ಗೆ. ಅದನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ. ಆಂಟೆನಾ ಹಿಡಿಯದೇ ಇದ್ದುದನ್ನು ಯಾವ ಬೂಸ್ಟರೂ ತಂದುಕೊಡಲಾರದು. ತುಕ್ಕು ಹಿಡಿದ ಕನೆಕ್ಟರ್, ನೀರು ಹೊಕ್ಕ ಕೇಬಲ್, ಗಾಳಿಗೆ ತಿರುಗಿ ನಿಂತ ಆಂಟೆನಾ ಇವೂ ಅದರಿಂದ ಸರಿಹೋಗುವುದಿಲ್ಲ.

ಡಿಜಿಟಲ್ ಪ್ರಸಾರದ ಒಂದು ಗುಣವನ್ನು ಮೊದಲೇ ತಿಳಿದಿರಬೇಕು. ಅನಲಾಗ್ ಕಾಲದಲ್ಲಿ ಸಿಗ್ನಲ್ ಕುಗ್ಗಿದಂತೆ ತೆರೆಯ ಮೇಲೆ ಚುಕ್ಕೆಗಳು ಹೆಚ್ಚುತ್ತಿದ್ದವು, ಎಲ್ಲೋ ತಾಗಿ ಪ್ರತಿಫಲಿಸಿ ಬಂದ ಸಿಗ್ನಲ್ ಇದ್ದರೆ ಪಕ್ಕದಲ್ಲಿ ನೆರಳುಚಿತ್ರ ಕಾಣುತ್ತಿತ್ತು. ಚಿತ್ರ ನೋಡಿಯೇ ದೋಷ ಯಾವುದೆಂದು ಹೇಳಬಹುದಿತ್ತು. ಟಿವಿಯೊಳಗೆ ಸಿಗ್ನಲ್ ಓದುವ ಡಿಜಿಟಲ್ ಟ್ಯೂನರ್ ಹಾಗಲ್ಲ. ದಾರಿಯಲ್ಲಿ ಕೆಟ್ಟ ಬಿಟ್‌ಗಳನ್ನು ಒಂದು ಮಿತಿಯವರೆಗೆ ತಾನೇ ತಿದ್ದಿಕೊಂಡು ನಿಚ್ಚಳ ಚಿತ್ರ ಕೊಡುತ್ತದೆ, ಮಿತಿ ದಾಟಿದ ಕೂಡಲೇ ಪೂರ್ತಿ ಕೈಬಿಡುತ್ತದೆ. ಅಮೆರಿಕದಂಥ ದೇಶಗಳ ಎಟಿಎಸ್‌ಸಿ 1.0 ಪ್ರಸಾರ ಪದ್ಧತಿಯಲ್ಲಿ ಸಿಗ್ನಲ್ ಗದ್ದಲಕ್ಕಿಂತ (ಬೇಡದ ರೇಡಿಯೊ ಅಲೆಗಳಿಗಿಂತ) ಸುಮಾರು 15 ಡಿಬಿ (ಡೆಸಿಬೆಲ್, ಸಿಗ್ನಲ್ ಹೆಚ್ಚುಕಡಿಮೆಯ ಅಳತೆ) ಮೇಲಿರಬೇಕು. ಅದು 14ಕ್ಕೆ ಇಳಿದರೆ ಚಿತ್ರ ಉಳಿಯುವುದಿಲ್ಲ. ಬೇರೆ ಹಲವು ದೇಶಗಳ ಪದ್ಧತಿಗಳಾದ ಡಿವಿಬಿ-ಟಿ, ಡಿವಿಬಿ-ಟಿ2ಗಳಲ್ಲಿ ಈ ಮಿತಿ ಪ್ರಸಾರಕರು ಆರಿಸಿಕೊಂಡ ಮಾಡ್ಯುಲೇಶನ್ (ಬಿಟ್‌ಗಳನ್ನು ಅಲೆಯ ಮೇಲೆ ಕೂರಿಸುವ ಬಗೆ) ಮೇಲೆ ನಿಂತಿದೆ, ಆದರೆ ಅಂಚು ಅಷ್ಟೇ ಕಡಿದು. ಹಾಗಾಗಿ ನಿನ್ನೆ ಚಿತ್ರ ಚೆನ್ನಾಗಿತ್ತು ಎಂದರೆ ಸಿಗ್ನಲ್ ಚೆನ್ನಾಗಿತ್ತು ಎಂದು ಅರ್ಥವಲ್ಲ. ಅಂಚಿನಲ್ಲಿ ನಿಂತಿದ್ದಿರಬಹುದು.

ಮೊದಲು ಅಂಕಿ ಬರೆದಿಟ್ಟುಕೊಳ್ಳಿ

ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಚಾನೆಲ್ ಅಥವಾ ಟ್ಯೂನಿಂಗ್ ವಿಭಾಗದೊಳಗೆ, ಕೆಲವು ಟಿವಿಗಳಲ್ಲಿ ‘ಸಪೋರ್ಟ್’ ವಿಭಾಗದೊಳಗೆ, ಸಿಗ್ನಲ್ ಮಾಹಿತಿಯ ಪುಟ ಇರುತ್ತದೆ. ಸಾಮಾನ್ಯವಾಗಿ ಅಲ್ಲಿ ಎರಡು ಪಟ್ಟಿಗಳು: ಸ್ಟ್ರೆಂತ್ ಮತ್ತು ಕ್ವಾಲಿಟಿ. ನಂಬಬೇಕಾದ್ದು ಎರಡನೆಯದನ್ನು. ಸ್ಟ್ರೆಂತ್ ಹೇಳುವುದು ಟ್ಯೂನರ್‌ಗೆ ಎಷ್ಟು ಶಕ್ತಿ ಬಂತು ಎಂಬುದನ್ನು ಮಾತ್ರ, ಅದರಲ್ಲಿ ಗದ್ದಲವೂ ಸೇರಿರಬಹುದು. ಬಂದದ್ದರಲ್ಲಿ ಎಷ್ಟನ್ನು ಓದಲು ಆಗುತ್ತಿದೆ ಎಂಬುದನ್ನು ಕ್ವಾಲಿಟಿ ಹೇಳುತ್ತದೆ.

ಎರಡೂ ಕಡಿಮೆ ಇದ್ದರೆ ಸಿಗ್ನಲ್ ನಿಜವಾಗಿಯೂ ಸಾಲುತ್ತಿಲ್ಲ, ಆಂಟೆನಾ ಅಥವಾ ಕೇಬಲ್ ಕಡೆ ನೋಡಬೇಕು. ಸ್ಟ್ರೆಂತ್ ಹೆಚ್ಚಿದ್ದು ಕ್ವಾಲಿಟಿ ಕಡಿಮೆ ಇದ್ದರೆ ಪ್ರತಿಫಲನ, ಹೊರಗಿನ ಅಡಚಣೆ ಅಥವಾ ಅತಿಯಾದ ಸಿಗ್ನಲ್. ಇಲ್ಲಿ ಬೂಸ್ಟರ್ ಹಾಕಿದರೆ ಇನ್ನಷ್ಟು ಕೆಡುತ್ತದೆ. ಕ್ವಾಲಿಟಿ ತುಂಬ ಇದ್ದದ್ದು ಆಗಾಗ ಥಟ್ಟನೆ ಸೊನ್ನೆಗೆ ಬಿದ್ದು ಮತ್ತೆ ಏರುತ್ತಿದ್ದರೆ ಎಲ್ಲೋ ಒಂದು ಜೋಡಣೆ ಸಡಿಲವಾಗಿದೆ, ಇಲ್ಲವೇ ಮನೆಯ ಯಾವುದೋ ವಿದ್ಯುತ್ ಉಪಕರಣ ಗದ್ದಲ ಮಾಡುತ್ತಿದೆ. ಎಲ್ಲ ಚಾನೆಲ್‌ಗಳಲ್ಲೂ ಎರಡೂ ಸೊನ್ನೆಯಾದರೆ ಕೇಬಲ್ ಕಡಿದಿದೆ, ಶಾರ್ಟ್ ಆಗಿದೆ ಅಥವಾ ಕಂಬದ ಬೂಸ್ಟರ್‌ಗೆ ಕರೆಂಟ್ ಹೋಗುತ್ತಿಲ್ಲ.

ಪ್ರತಿ ಚಾನೆಲ್‌ಗೂ ಈ ಎರಡು ಅಂಕಿಗಳನ್ನು, ಜೊತೆಗೆ ಪ್ರಸಾರದ ಫ್ರೀಕ್ವೆನ್ಸಿಯನ್ನು ಬರೆದುಕೊಳ್ಳಿ. ತೆರೆಯ ಮೇಲಿನ ಚಾನೆಲ್ ಸಂಖ್ಯೆಗೂ ನಿಜವಾದ ಫ್ರೀಕ್ವೆನ್ಸಿಗೂ ಸಂಬಂಧ ಇರಲೇಬೇಕೆಂದಿಲ್ಲ, ಒಂದೇ ಫ್ರೀಕ್ವೆನ್ಸಿಯಲ್ಲಿ ಹಲವು ಚಾನೆಲ್‌ಗಳು ಒಟ್ಟಿಗೆ ಬರುತ್ತವೆ. ಕೆಟ್ಟ ಚಾನೆಲ್‌ಗಳೆಲ್ಲ ಒಂದೇ ಫ್ರೀಕ್ವೆನ್ಸಿಯವಾಗಿದ್ದರೆ ಅರ್ಧ ಪತ್ತೆ ಅಲ್ಲೇ ಆಯಿತು. ಒಂದು ಟಿವಿಯ ಶೇಕಡಾ ಅಂಕಿಯನ್ನು ಇನ್ನೊಂದು ಕಂಪನಿಯ ಟಿವಿಯ ಅಂಕಿಗೆ ಹೋಲಿಸಬೇಡಿ, ಅಳತೆಗೋಲು ಒಬ್ಬೊಬ್ಬರದು ಒಂದೊಂದು.

ಮರುಸ್ಕ್ಯಾನ್

ಒಂದು ಗುಂಪಿನ ಚಾನೆಲ್‌ಗಳು ಒಮ್ಮೆಲೇ ಮಾಯವಾಗಿ ಉಳಿದವು ಚೆನ್ನಾಗಿದ್ದರೆ ಪ್ರಸಾರಕರು ಫ್ರೀಕ್ವೆನ್ಸಿ ಬದಲಿಸಿರಬಹುದು. ಆಂಟೆನಾ ಕೇಬಲ್ ಕಿತ್ತು ಒಮ್ಮೆ ಸ್ಕ್ಯಾನ್ ಮಾಡಿ, ಹಳೆಯ ಪಟ್ಟಿ ಅಳಿಯುತ್ತದೆ. ಟಿವಿಯನ್ನು ಗೋಡೆಯ ಸ್ವಿಚ್‌ನಲ್ಲೇ ಆರಿಸಿ ಒಂದು ನಿಮಿಷ ಬಿಡಿ. ಕೇಬಲ್ ಹಾಕಿ ಮತ್ತೆ ಸ್ಕ್ಯಾನ್ ಮಾಡಿ. ಮೂಲವನ್ನು ‘ಕೇಬಲ್’ ಎಂದಲ್ಲ, ‘ಆಂಟೆನಾ’ ಅಥವಾ ‘ಏರ್’ ಎಂದು ಆರಿಸಿರಬೇಕು. ಆದರೆ ಚಿತ್ರ ಆಗಾಗ ಒಡೆಯುವ ತೊಂದರೆಗೆ ಮರುಸ್ಕ್ಯಾನ್ ಔಷಧಿಯಲ್ಲ. ಸಿಗ್ನಲ್ ಕೆಟ್ಟ ಹೊತ್ತಿನಲ್ಲಿ ಸ್ಕ್ಯಾನ್ ಮಾಡಿದರೆ ಇದ್ದ ಚಾನೆಲ್‌ಗಳೂ ಪಟ್ಟಿಯಿಂದ ಹೋಗುತ್ತವೆ.

ಸರಪಳಿಯನ್ನು ಅರ್ಧಕ್ಕೆ ತುಂಡರಿಸಿ ನೋಡಿ

ಆಂಟೆನಾ, ಬೂಸ್ಟರ್, ಇಳಿಗೇಬಲ್, ಸ್ಪ್ಲಿಟರ್ (ಒಂದು ಕೇಬಲ್‌ನ ಸಿಗ್ನಲನ್ನು ಹಲವು ದಾರಿಗೆ ಹಂಚುವ ಡಬ್ಬಿ), ಗೋಡೆಯ ಸಾಕೆಟ್, ಟಿವಿಯ ಹಿಂದಿನ ಚಿಕ್ಕ ಕೇಬಲ್, ಟಿವಿ. ಇವುಗಳಲ್ಲಿ ಒಂದೊಂದನ್ನೇ ಊಹೆಯಿಂದ ಬದಲಿಸುತ್ತ ಹೋದರೆ ಹಣವೂ ಹೋಗುತ್ತದೆ, ದಿನವೂ ಹೋಗುತ್ತದೆ. ಸ್ಪ್ಲಿಟರ್ ಬಳಿ ನಿಂತು ಶುರು ಮಾಡಿ: ಅದಕ್ಕೆ ಬರುವ ಕೇಬಲ್ ಬಿಚ್ಚಿ, ಒಂದು ಕೊಳವೆ ಜೋಡಕದಿಂದ ಟಿವಿಗೆ ಹೋಗುವ ಕೇಬಲ್‌ಗೆ ನೇರವಾಗಿ ಸೇರಿಸಿ. ಕ್ವಾಲಿಟಿ ಏರಿದರೆ ಸ್ಪ್ಲಿಟರ್ ನಷ್ಟವೇ ಕಾರಣ. ಏರದಿದ್ದರೆ ಒಂದು ಚಿಕ್ಕ ಟಿವಿಯನ್ನು ಅಲ್ಲಿಗೇ ತಂದು ನೇರವಾಗಿ ಹಾಕಿ ನೋಡಿ. ಅಲ್ಲಿ ಚೆನ್ನಾಗಿದ್ದರೆ ದೋಷ ಟಿವಿಯ ಕಡೆಯ ಅರ್ಧದಲ್ಲಿದೆ, ಅಲ್ಲೂ ಕೆಟ್ಟಿದ್ದರೆ ಆಂಟೆನಾ ಕಡೆಯದರಲ್ಲಿ.

ಟಿವಿಯ ಹಿಂದಿನ ಒಂದೆರಡು ಮೀಟರ್ ಕೇಬಲ್ಲನ್ನು ಎಲ್ಲರೂ ಮರೆಯುತ್ತಾರೆ. ಟಿವಿ ಸರಿಸಿದಾಗಲೆಲ್ಲ ಅದು ಮಡಚುತ್ತದೆ, ಎಳೆದುಕೊಳ್ಳುತ್ತದೆ. ಎರಕ ಹೊಯ್ದ ಪ್ಲಗ್ ಇರುವ ಅಗ್ಗದ ಕೇಬಲ್‌ಗಳಲ್ಲಿ ಒಳಗಿನ ಜಾಲರಿ ಪ್ಲಗ್‌ಗೆ ಸರಿಯಾಗಿ ಕಚ್ಚಿಯೇ ಇರುವುದಿಲ್ಲ. ಬೆರಳಿನಿಂದ ಅಲುಗಿಸುತ್ತ ಕ್ವಾಲಿಟಿ ಪಟ್ಟಿ ನೋಡಿ. ಕುಣಿದರೆ ಬದಲಿಸಿ.

ಕೇಬಲ್ ಮತ್ತು ಕನೆಕ್ಟರ್

ಹೆಚ್ಚು ಹೊತ್ತು ಕೊಡಬೇಕಾದ್ದು ಇಲ್ಲಿಗೇ. ಟಿವಿಗೆ ಬೇಕಾದ್ದು 75 ಓಮ್‌ನ ಕೇಬಲ್. ಆರ್‌ಜಿ-6 ಕೇಬಲ್ 30 ಮೀಟರ್ ಉದ್ದಕ್ಕೆ 700 ಮೆಗಾಹರ್ಟ್ಸ್‌ನಲ್ಲಿ ಸುಮಾರು 6 ಡಿಬಿ ನುಂಗುತ್ತದೆ, 200 ಮೆಗಾಹರ್ಟ್ಸ್‌ನಲ್ಲಿ ಅದರ ಅರ್ಧದಷ್ಟು. ತೆಳುವಾದ ಆರ್‌ಜಿ-59ರಲ್ಲಿ ನಷ್ಟ ಇನ್ನೂ ಹೆಚ್ಚು. ಎರಡು ದಾರಿಯ ಸ್ಪ್ಲಿಟರ್ ಪ್ರತಿ ದಾರಿಗೂ ಸುಮಾರು 3.5 ಡಿಬಿ, ನಾಲ್ಕು ದಾರಿಯದು 7ರಿಂದ 8 ಡಿಬಿ ಕಳೆಯುತ್ತದೆ. 30 ಮೀಟರ್ ಕೇಬಲ್, ಅದರ ತುದಿಗೆ ನಾಲ್ಕು ದಾರಿಯ ಸ್ಪ್ಲಿಟರ್ ಎಂದರೆ 13 ಡಿಬಿಗೂ ಹೆಚ್ಚು ಹೋಯಿತು. ಆಂಟೆನಾ ಹಿಡಿದ ಶಕ್ತಿಯಲ್ಲಿ ಇಪ್ಪತ್ತರಲ್ಲಿ ಒಂದು ಪಾಲೂ ಟಿವಿಗೆ ಮುಟ್ಟಲಿಲ್ಲ. ಒಂದೇ ಟಿವಿ ನೋಡುವ ಮನೆಯಲ್ಲಿ ಹಳೆಯ ಸ್ಪ್ಲಿಟರ್ ಸುಮ್ಮನೆ ಉಳಿದುಕೊಂಡಿದ್ದರೆ ತೆಗೆದುಹಾಕಿ. ಬೇಕೇ ಬೇಕಾದರೆ ಖಾಲಿ ಬಿಟ್ಟ ದಾರಿಗಳಿಗೆ 75 ಓಮ್‌ನ ಟರ್ಮಿನೇಟರ್ (ದಾರಿಯ ತುದಿ ಮುಚ್ಚುವ ಚಿಕ್ಕ ಮುಚ್ಚಳ) ತಿರುಗಿಸಿ ಕೂರಿಸಿ.

ಕೇಬಲ್ ತುದಿಯ ಎಫ್ ಕನೆಕ್ಟರ್ ಬಿಚ್ಚಿ ಒಳಗೆ ನೋಡಿ. ನಡುತಂತಿ ತಾಮ್ರದ ಬಣ್ಣದಲ್ಲಿ ಹೊಳೆಯಬೇಕು. ಹಸಿರು, ಕಪ್ಪು ಅಥವಾ ಬಿಳಿ ಪುಡಿ ಕಂಡರೆ ನೀರು ಹೋಗಿದೆ. ಜಾಲರಿಯ ಒಂದೇ ಒಂದು ಎಳೆ ನಡುತಂತಿಗೆ ತಾಗಿದ್ದರೂ ಸಾಕು, ಸಿಗ್ನಲ್ ಸಾಯುತ್ತದೆ. ತಿರುಗಿಸಿ ಕೂರಿಸುವ ಬಗೆಯ ಕನೆಕ್ಟರ್‌ಗಳನ್ನು ಹೊರಗಡೆ ಬಳಸಬೇಡಿ. ಬಿಸಿಲಿಗೆ ಹಿಗ್ಗಿ, ಚಳಿಗೆ ಕುಗ್ಗಿ ಸಡಿಲವಾಗುತ್ತವೆ. ಒತ್ತುವ ಉಪಕರಣದಿಂದ ಕೂರಿಸುವ ಕಂಪ್ರೆಶನ್ ಕನೆಕ್ಟರ್‌ಗಳೇ ಸರಿ, ಅವನ್ನು ಹಾಕುವ ಕ್ರಮ ಹೀಗೆ:

1. ಕೇಬಲ್ ತುದಿಯನ್ನು ನೇರವಾಗಿ ಕತ್ತರಿಸಿ. ನೀರು ಹೋಗಿದ್ದರೆ ಜಾಲರಿ ಶುಭ್ರವಾಗಿ ಕಾಣುವ ತನಕ ಹಿಂದಕ್ಕೆ ಕತ್ತರಿಸುತ್ತ ಹೋಗಿ.
2. ಹೊರ ಸಿಪ್ಪೆಯನ್ನು ಸುಮಾರು 13 ಮಿ.ಮೀ. ತೆಗೆಯಿರಿ. ಬಿಳಿಯ ಒಳ ಹೊದಿಕೆಯನ್ನು ತುದಿಯಿಂದ ಸುಮಾರು 6 ಮಿ.ಮೀ. ಮಾತ್ರ ಸುಲಿಯಿರಿ. ನಡುತಂತಿಗೆ ಚಾಕು ತಾಗಿ ಗೀರು ಬೀಳಬಾರದು.
3. ಜಾಲರಿಯ ಎಳೆಗಳನ್ನೆಲ್ಲ ಹಿಂದಕ್ಕೆ ಮಡಚಿ ಸಿಪ್ಪೆಯ ಮೇಲೆ ಹರಡಿ. ಬಿಳಿ ಹೊದಿಕೆಗೆ ಅಂಟಿದ ಹಾಳೆಯನ್ನು ಹಾಗೆಯೇ ಬಿಡಿ.
4. ಕನೆಕ್ಟರ್‌ನ ಒಳತಳಕ್ಕೆ ಬಿಳಿ ಹೊದಿಕೆ ಸಮವಾಗಿ ಬರುವ ತನಕ ಗಟ್ಟಿಯಾಗಿ ನೂಕಿ, ಆಮೇಲೆ ಒತ್ತಿ. ನಡುತಂತಿ ಅಂಚಿನಿಂದ 2–3 ಮಿ.ಮೀ. ಹೊರಗೆ ಕಾಣಬೇಕು. ಗಿಡ್ಡವಾದರೆ ತಾಗುವುದಿಲ್ಲ, ಉದ್ದವಾದರೆ ಸಾಕೆಟ್ ಒಳಭಾಗ ಹಾಳಾಗುತ್ತದೆ.
5. ಎಳೆದು ನೋಡಿ. ಜಾರಿದರೆ ಮೊದಲಿಂದ ಮಾಡಿ.

ಹೊರಗಿನ ಜೋಡಣೆಗಳನ್ನು ಕೈಯಿಂದ ಬಿಗಿ ಮಾಡಿ 11 ಮಿ.ಮೀ. ಸ್ಪ್ಯಾನರ್‌ನಿಂದ ಇನ್ನೊಂದು ಕಾಲು ಸುತ್ತು ತಿರುಗಿಸಿ. ಟಿವಿಯ ಸಾಕೆಟ್‌ಗೆ ಮಾತ್ರ ಸ್ಪ್ಯಾನರ್ ಬೇಡ, ಅದು ಒಳಗಿನ ಬೋರ್ಡ್‌ಗೆ ಬೆಸೆದದ್ದು, ಬಿರುಕು ಬಿಡುತ್ತದೆ.

ಮಲ್ಟಿಮೀಟರ್ ಇದ್ದರೆ ಕೇಬಲ್‌ನ ಎರಡೂ ತುದಿಗಳನ್ನು ಬಿಚ್ಚಿ ನಡುತಂತಿಗೂ ಜಾಲರಿಗೂ ನಡುವೆ ಅಳೆಯಿರಿ. ಸಂಪರ್ಕ ತೋರಿಸಲೇಬಾರದು. ಆಮೇಲೆ ದೂರದ ತುದಿಯಲ್ಲಿ ಎರಡನ್ನೂ ಒಂದು ಕ್ಲಿಪ್‌ನಿಂದ ಕೂಡಿಸಿ ಈ ತುದಿಯಲ್ಲಿ ಅಳೆದರೆ ಕೆಲವೇ ಓಮ್ ಬರಬೇಕು. ಆಂಟೆನಾ ಜೋಡಿಸಿಕೊಂಡೇ ಅಳೆದು ಕೇಬಲ್ ಶಾರ್ಟ್ ಎಂದು ತೀರ್ಮಾನಿಸುವವರಿದ್ದಾರೆ. ಬಹಳಷ್ಟು ಆಂಟೆನಾಗಳ ಬಾಲನ್ (ಆಂಟೆನಾವನ್ನು ಕೇಬಲ್‌ಗೆ ಹೊಂದಿಸುವ ಭಾಗ) ಡಿಸಿಗೆ ಶಾರ್ಟ್‌ನಂತೆಯೇ ಕಾಣುತ್ತದೆ, ಅದು ದೋಷವಲ್ಲ. ಈ ಪರೀಕ್ಷೆಯಲ್ಲಿ ಗೆದ್ದ ಕೇಬಲ್ಲೂ ನೀರು ಹೊಕ್ಕಿದ್ದರೆ ಸಿಗ್ನಲ್ ನುಂಗಬಲ್ಲದು. ಮಳೆಯ ನಂತರ ಕೆಟ್ಟು ಬಿಸಿಲು ಬಂದ ಮೇಲೆ ಸರಿಯಾಗುವ ತೊಂದರೆಗೆ ಮೊದಲ ಅನುಮಾನ ಇದರ ಮೇಲೆಯೇ ಇರಲಿ. ಹೊರಗಿನ ಜೋಡಣೆಗೆ ತನ್ನೊಳಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಎಳೆದು ಸುತ್ತಿ. ಕೇಬಲ್ ಮನೆಯೊಳಗೆ ಹೋಗುವ ತೂತಿನ ಮುಂಚೆ ಅದನ್ನು ತೂತಿಗಿಂತ ಕೆಳಕ್ಕೆ ಜೋಲುಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಹರಿಯುವುದಿಲ್ಲ.

ಚಾವಣಿ ಹತ್ತುವ ಮುನ್ನ

ವಿದ್ಯುತ್ ತಂತಿಗಳಿಂದ ಕಂಬದ ಒಟ್ಟು ಉದ್ದದ ಎರಡರಷ್ಟಾದರೂ ದೂರವಿರಿ. ಕಂಬ ಕೈಜಾರಿ ಬಿದ್ದರೂ ತಂತಿಗೆ ತಾಗಬಾರದು. ಒಬ್ಬರೇ ಹತ್ತಬೇಡಿ. ಮೋಡ ಕಟ್ಟಿದ್ದರೆ ಆ ದಿನ ಬಿಟ್ಟುಬಿಡಿ. ಕಂಬಕ್ಕೂ ಕೇಬಲ್‌ನ ಹೊರಕವಚಕ್ಕೂ ಅರ್ತಿಂಗ್ ಇರಬೇಕು, ಅದು ಮನೆಯ ಅರ್ತಿಂಗ್ ಜೊತೆಗೇ ಸೇರಿರಬೇಕು. ಈ ಕೆಲಸವನ್ನು ಎಲೆಕ್ಟ್ರಿಶಿಯನ್ ಕೈಯಲ್ಲಿ ಮಾಡಿಸಿ. ಹತ್ತಿರದ ಸಿಡಿಲಿನಿಂದ ಕೇಬಲ್‌ನಲ್ಲಿ ಹುಟ್ಟುವ ವೋಲ್ಟೇಜನ್ನು ತಗ್ಗಿಸಲು ಅದು ನೆರವಾಗುತ್ತದೆ, ನೇರ ಸಿಡಿಲನ್ನು ತಡೆಯುವುದಿಲ್ಲ.

ಆಂಟೆನಾದ ದಿಕ್ಕು, ಎತ್ತರ, ಗಾತ್ರ

ಒಂದೇ ದಂಡಕ್ಕೆ ಕಡ್ಡಿಗಳ ಸಾಲು ಜೋಡಿಸಿದ ಯಾಗಿ ಆಂಟೆನಾದಲ್ಲಿ ಗಿಡ್ಡ ಕಡ್ಡಿಗಳಿರುವ ತುದಿ ಪ್ರಸಾರ ಗೋಪುರದ ಕಡೆಗಿರಬೇಕು. ಉದ್ದ ಕಡ್ಡಿ ಅಥವಾ ಜಾಲರಿ ಹಿಂದೆ ಬರಬೇಕು. ಇದನ್ನು ತಿರುಗುಮುರುಗು ಕಟ್ಟಿದ ಮನೆಗಳು ಕಡಿಮೆಯೇನಲ್ಲ. ಕಡ್ಡಿಗಳು ಅಡ್ಡಕ್ಕಿರಬೇಕೋ ಲಂಬವಾಗಿರಬೇಕೋ ಎಂಬುದನ್ನೂ ಪ್ರಸಾರಕರ ಮಾಹಿತಿಯಲ್ಲಿ ನೋಡಿ. ಅದು ತಪ್ಪಿದರೆ ಸುಮಾರು 20 ಡಿಬಿಯವರೆಗೂ ಕಳೆದುಹೋಗಬಹುದು. ಚಿಕ್ಕ ಮರುಪ್ರಸಾರ ಕೇಂದ್ರಗಳು ಹಲವು ಕಡೆ ಲಂಬ ಬಗೆಯವು.

ದಿಕ್ಕನ್ನು ಫೋನಿನ ದಿಕ್ಸೂಚಿಯಿಂದ ನೋಡುವಾಗ ಕಬ್ಬಿಣದ ಕಂಬದಿಂದ ಕೆಲವು ಹೆಜ್ಜೆ ದೂರ ನಿಲ್ಲಿ, ಪಕ್ಕದಲ್ಲೇ ನಿಂತರೆ ಮುಳ್ಳು ಸುಳ್ಳು ಹೇಳುತ್ತದೆ. ಆಮೇಲೆ ಅತ್ಯಂತ ದುರ್ಬಲ ಚಾನೆಲ್ ಇಟ್ಟುಕೊಂಡು ಆಂಟೆನಾವನ್ನು ಐದೈದು ಡಿಗ್ರಿಯಂತೆ ತಿರುಗಿಸಿ, ಪ್ರತಿ ಸಲವೂ ಹತ್ತು ಸೆಕೆಂಡ್ ಕಾಯಿರಿ, ಟಿವಿಯ ಪಟ್ಟಿ ನಿಧಾನವಾಗಿ ಬದಲಾಗುತ್ತದೆ. ಎಡಕ್ಕೆ ಎಲ್ಲಿ ಚಿತ್ರ ಒಡೆಯಿತು, ಬಲಕ್ಕೆ ಎಲ್ಲಿ ಒಡೆಯಿತು ಎಂದು ಗುರುತು ಹಾಕಿ ಎರಡರ ನಟ್ಟನಡುವೆ ಬಿಗಿ ಮಾಡಿ. ಅತಿ ಹೆಚ್ಚು ಅಂಕಿ ಬಂದ ಜಾಗ ಹುಡುಕುವುದಕ್ಕಿಂತ ಇದು ಹೆಚ್ಚು ಖಚಿತ. ಪಟ್ಟಿ ಎಲ್ಲೆಡೆ 100ರಲ್ಲೇ ನಿಂತು ವ್ಯತ್ಯಾಸ ತೋರಿಸದಿದ್ದರೆ ತಾತ್ಕಾಲಿಕವಾಗಿ ಒಂದು 10 ಡಿಬಿ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ಚಿಕ್ಕ ಭಾಗ) ಸೇರಿಸಿಕೊಂಡು ಹೊಂದಿಸಿ.

ಅದೇ ಅಟೆನ್ಯುಯೇಟರ್‌ನಿಂದ ಇನ್ನೊಂದು ಉಪಯೋಗವಿದೆ. ಬೂಸ್ಟರ್ ಇಲ್ಲದ ಜೋಡಣೆಯಲ್ಲಿ 6 ಡಿಬಿಯದನ್ನು ಹಾಕಿಯೂ ಎಲ್ಲ ಚಾನೆಲ್ ಒಡೆಯದೆ ಬಂದರೆ ನಿಮಗೆ ಅಷ್ಟು ಮೀಸಲು ಇದೆ ಎಂದಾಯಿತು, ಮಳೆಗಾಳಿಗೆ ಸುಲಭಕ್ಕೆ ಬೀಳುವುದಿಲ್ಲ. ಕಂಬದಲ್ಲಿ ಬೂಸ್ಟರ್ ಇದ್ದರೆ ಈ ಪರೀಕ್ಷೆಯನ್ನು ನಂಬಬೇಡಿ, ಗದ್ದಲದ ಪ್ರಮಾಣ ಬೂಸ್ಟರ್‌ನಲ್ಲೇ ತೀರ್ಮಾನವಾಗಿರುತ್ತದೆ.

ಎತ್ತರದ ಲೆಕ್ಕ ಸರಳ. ಗೋಪುರದ ಮತ್ತು ಆಂಟೆನಾದ ಎತ್ತರಗಳ ವರ್ಗಮೂಲಗಳನ್ನು ಮೀಟರ್‌ನಲ್ಲಿ ಕೂಡಿಸಿ 4.12ರಿಂದ ಗುಣಿಸಿದರೆ ರೇಡಿಯೊ ದಿಗಂತ ಕಿಲೋಮೀಟರ್‌ನಲ್ಲಿ ಬರುತ್ತದೆ. 300 ಮೀಟರ್ ಗೋಪುರ, 9 ಮೀಟರ್ ಎತ್ತರದ ಆಂಟೆನಾ ಎಂದರೆ ಸುಮಾರು 84 ಕಿ.ಮೀ., ಅದೂ ನಡುವೆ ಗುಡ್ಡವಿಲ್ಲದಿದ್ದರೆ. ಅಂಗೈಯಗಲದ ಆಂಟೆನಾದ ಪೆಟ್ಟಿಗೆಯ ಮೇಲೆ ನೂರಾರು ಕಿಲೋಮೀಟರ್ ಎಂದು ಬರೆದಿದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಗಾತ್ರವನ್ನು ಫ್ರೀಕ್ವೆನ್ಸಿ ನಿರ್ಧರಿಸುತ್ತದೆ. 500 ಮೆಗಾಹರ್ಟ್ಸ್‌ನಲ್ಲಿ ಅರ್ಧ ತರಂಗದ ಉದ್ದ 30 ಸೆಂ.ಮೀ., 200 ಮೆಗಾಹರ್ಟ್ಸ್‌ನಲ್ಲಿ 75 ಸೆಂ.ಮೀ. ಯುಎಚ್‌ಎಫ್ (ಮೇಲಿನ ಫ್ರೀಕ್ವೆನ್ಸಿಗಳ) ಚಾನೆಲ್‌ಗಳೆಲ್ಲ ಬಂದು ವಿಎಚ್‌ಎಫ್‌ನ (ಕೆಳಗಿನ ಫ್ರೀಕ್ವೆನ್ಸಿಗಳ) ಒಂದೆರಡು ಮಾತ್ರ ಬರದಿದ್ದರೆ ಕಾರಣ ಹೆಚ್ಚಾಗಿ ಇದೇ: ಕಿಟಕಿಗೆ ಅಂಟಿಸುವ ಹಾಳೆಯಂಥ ಆಂಟೆನಾ ವಿಎಚ್‌ಎಫ್‌ಗೆ ತೀರ ಚಿಕ್ಕದು. ವಿಎಚ್‌ಎಫ್‌ಗೆ ಬೇರೆ ಆಂಟೆನಾ ಹಾಕಿ ಎರಡನ್ನೂ ಯುಎಚ್‌ಎಫ್–ವಿಎಚ್‌ಎಫ್ ಡೈಪ್ಲೆಕ್ಸರ್‌ನಿಂದ (ಎರಡನ್ನೂ ಬೆರೆಯದಂತೆ ಒಂದೇ ಕೇಬಲ್‌ಗೆ ಸೇರಿಸುವ ಡಬ್ಬಿ) ಕೂಡಿಸಿ. ಸಾದಾ ಸ್ಪ್ಲಿಟರನ್ನು ತಿರುಗಿಸಿ ಬಳಸಿದರೆ ಎರಡು ಆಂಟೆನಾಗಳ ಸಿಗ್ನಲ್ ಒಂದನ್ನೊಂದು ಕೆಡಿಸಬಹುದು.

ಒಳಾಂಗಣ ಆಂಟೆನಾದಲ್ಲಿ ಸ್ಥಳವೇ ಎಲ್ಲ. ಗೋಡೆಗಳಿಗೆ ತಾಗಿ ಮರಳಿದ ಅಲೆಗಳು ಕೋಣೆಯೊಳಗೆ ಕೆಲವು ಜಾಗಗಳಲ್ಲಿ ಕೂಡಿಕೊಳ್ಳುತ್ತವೆ, ಕೆಲವೆಡೆ ಕಳೆದುಕೊಳ್ಳುತ್ತವೆ. ಯುಎಚ್‌ಎಫ್‌ನಲ್ಲಿ 10–15 ಸೆಂ.ಮೀ. ಸರಿಸಿದರೂ ಫಲಿತಾಂಶ ಬದಲಾಗುತ್ತದೆ. ಗೋಪುರದ ಕಡೆಯ ಕಿಟಕಿ, ಆದಷ್ಟು ಎತ್ತರ. ಲೋಹದ ಲೇಪನವಿರುವ ಗಾಜು, ಹಾಳೆ ಅಂಟಿಸಿದ ಶಾಖನಿರೋಧಕ, ತಗಡಿನ ಚಾವಣಿ ಇದ್ದರೆ ಒಳಗೆ ಎಷ್ಟು ಹೆಣಗಿದರೂ ಅಷ್ಟೆ, ಆಂಟೆನಾ ಹೊರಗೆ ಹೋಗಲೇಬೇಕು.

ಬೂಸ್ಟರ್ ಯಾವಾಗ, ಎಲ್ಲಿ

ಉದ್ದ ಕೇಬಲ್ ಮತ್ತು ಸ್ಪ್ಲಿಟರ್‌ಗಳ ನಷ್ಟ ತುಂಬುವುದು ಬೂಸ್ಟರ್‌ನ ಕೆಲಸ. ಹಾಗಾಗಿ ಅದರ ಜಾಗ ಆಂಟೆನಾದ ಪಕ್ಕದಲ್ಲಿ, ನಷ್ಟ ಆಗುವ ಮೊದಲೇ. ಟಿವಿಯ ಹಿಂದೆ ಇಟ್ಟರೆ ಅಷ್ಟರಲ್ಲಾಗಲೇ ಸಿಗ್ನಲ್ ಗದ್ದಲಕ್ಕೆ ಹತ್ತಿರ ಇಳಿದಿರುತ್ತದೆ, ಎರಡೂ ಒಟ್ಟಿಗೆ ದೊಡ್ಡದಾಗುತ್ತವೆ. ಕೊಳ್ಳುವಾಗ ಗೇನ್ (ಸಿಗ್ನಲನ್ನು ದೊಡ್ಡದು ಮಾಡುವ ಪ್ರಮಾಣ) ಎಷ್ಟು ದೊಡ್ಡದು ಎಂದು ನೋಡುವ ಬದಲು ನಾಯ್ಸ್ ಫಿಗರ್ (ಬೂಸ್ಟರ್ ತಾನೇ ಸೇರಿಸುವ ಗದ್ದಲ) ಎಷ್ಟು ಚಿಕ್ಕದು ಎಂದು ನೋಡಿ. ನಿಮ್ಮ ನಷ್ಟ 13 ಡಿಬಿ ಇದ್ದರೆ 15 ಡಿಬಿ ಗೇನ್ ಸಾಕು, 30 ಬೇಡ.

ಕಂಬದ ಬೂಸ್ಟರ್‌ಗೆ ಕರೆಂಟ್ ಅದೇ ಕೇಬಲ್‌ನಲ್ಲಿ ಮೇಲೇರುತ್ತದೆ. ಕೇಬಲ್‌ಗೆ ಕರೆಂಟ್ ಸೇರಿಸುವ ಪವರ್ ಇನ್ಸರ್ಟರ್ ಮತ್ತು ಬೂಸ್ಟರ್ ನಡುವೆ ಸ್ಪ್ಲಿಟರ್ ಇದ್ದರೆ ಅದು ಡಿಸಿ ಬಿಡುವಂಥದ್ದಾಗಿರಬೇಕು, ಕರೆಂಟ್ ಬಿಡುವ ದಾರಿಗೇ ಇನ್ಸರ್ಟರ್ ಸೇರಿರಬೇಕು. ಇದು ಕೈತಪ್ಪಿದರೆ ಬೂಸ್ಟರ್ ಸತ್ತಂತೆ, ಸತ್ತ ಬೂಸ್ಟರ್ ಸಿಗ್ನಲ್‌ಗೆ ಅಡ್ಡಗೋಡೆ. ಇನ್ಸರ್ಟರ್‌ನ ಎರಡು ಸಾಕೆಟ್‌ಗಳನ್ನು ಅದಲುಬದಲು ಮಾಡಿದರೂ ಇದೇ ಗತಿ. ಕೆಲವು ಟಿವಿಗಳು ಆಂಟೆನಾಗೆ 5 ವೋಲ್ಟ್ ಕೊಡಬಲ್ಲವು. ಟಿವಿಯನ್ನು ಫ್ಯಾಕ್ಟರಿ ರೀಸೆಟ್ ಮಾಡಿದಾಗ ಆ ಸೆಟ್ಟಿಂಗ್ ಆರಿಹೋಗಿ ಕರೆಂಟ್ ಬೇಡುವ ಆಂಟೆನಾ ಮೌನವಾಗಬಹುದು.

ಗೋಪುರ ಹತ್ತಿರವಿದ್ದರೆ ತೊಂದರೆ ಉಲ್ಟಾ. ಒಂದು ಪ್ರಬಲ ಸಿಗ್ನಲ್ ಬೂಸ್ಟರನ್ನೋ ಟ್ಯೂನರನ್ನೋ ಉಕ್ಕಿಸಿ ಬೇರೆ ಚಾನೆಲ್‌ಗಳನ್ನೆಲ್ಲ ಕೆಡಿಸುತ್ತದೆ. ಬೂಸ್ಟರ್ ಹಾಕಿದ ಮೇಲೆ ಚಾನೆಲ್ ಕಡಿಮೆಯಾಗಿದ್ದರೆ ಅದನ್ನು ತೆಗೆದು ನೋಡಿ. ಬೂಸ್ಟರ್ ಇಲ್ಲದೆಯೂ ಹಾಗಿದ್ದರೆ ಟಿವಿಯ ಹಿಂದೆ 10 ಡಿಬಿ ಅಟೆನ್ಯುಯೇಟರ್ ಹಾಕಿ. ಸಿಗ್ನಲ್ ತಗ್ಗಿಸಿದಾಗ ಕ್ವಾಲಿಟಿ ಏರಿದರೆ ಕಾರಣ ಸಿಕ್ಕಿತು.

ಹೊರಗಿನ ಅಡಚಣೆ

ಹಿಂದೆ ಟಿವಿಗಿದ್ದ ಯುಎಚ್‌ಎಫ್‌ನ ಮೇಲಿನ ಭಾಗವನ್ನು ಅನೇಕ ದೇಶಗಳು ಮೊಬೈಲ್ ಸೇವೆಗೆ ಕೊಟ್ಟಿವೆ. ಹಳೆಯ ಬೂಸ್ಟರ್‌ಗಳು ಆ ಭಾಗವನ್ನೂ ದೊಡ್ಡದು ಮಾಡುತ್ತವೆ. ಹತ್ತಿರ ಹೊಸ ಮೊಬೈಲ್ ಟವರ್ ಎದ್ದ ಮೇಲೆ ತೊಂದರೆ ಶುರುವಾಗಿದ್ದರೆ ನಿಮ್ಮ ದೇಶದ ಟಿವಿ ಬ್ಯಾಂಡ್ ಎಲ್ಲಿ ಮುಗಿಯುತ್ತದೋ ಅದಕ್ಕೆ ತಕ್ಕ 4ಜಿ/5ಜಿ ಫಿಲ್ಟರ್ ತಂದು ಆಂಟೆನಾ ಮತ್ತು ಬೂಸ್ಟರ್ ನಡುವೆ ಹಾಕಿ. ಬೂಸ್ಟರ್ ದಾಟಿದ ಮೇಲೆ ಹಾಕಿದ ಫಿಲ್ಟರ್‌ನಿಂದ ಪ್ರಯೋಜನವಿಲ್ಲ, ಕೆಡುವುದು ಬೂಸ್ಟರ್ ಒಳಗೇ ಕೆಟ್ಟಾಗಿರುತ್ತದೆ. ಎಫ್‌ಎಂ ಕೇಂದ್ರ ಹತ್ತಿರವಿದ್ದು ವಿಎಚ್‌ಎಫ್ ಕೆಟ್ಟಿದ್ದರೆ ಆ ಸಿಗ್ನಲ್ ತಡೆಯುವ ಎಫ್‌ಎಂ ಟ್ರ್ಯಾಪ್‌ನ ಜಾಗವೂ ಅದೇ. 88–108 ಮೆಗಾಹರ್ಟ್ಸ್‌ನ ಎರಡರಷ್ಟು 176–216, ಸರಿಯಾಗಿ ವಿಎಚ್‌ಎಫ್ ಟಿವಿಯ ಮೇಲೆ ಬಂದು ಕೂರುತ್ತದೆ.

ಮನೆಯೊಳಗಿನ ಗದ್ದಲ ಹುಡುಕಲು ದೀಪ, ಚಾರ್ಜರ್, ಫ್ಯಾನ್ ರೆಗ್ಯುಲೇಟರ್‌ಗಳನ್ನು ಒಂದೊಂದಾಗಿ ಆರಿಸುತ್ತ ಕ್ವಾಲಿಟಿ ನೋಡಿ. ಅಗ್ಗದ ಎಲ್‌ಇಡಿ ಬಲ್ಬ್‌ಗಳು ವಿಎಚ್‌ಎಫ್‌ಗೆ ದೊಡ್ಡ ಶತ್ರು. ಬ್ಯಾಟರಿಯ ರೇಡಿಯೊವನ್ನು ಎಎಂನಲ್ಲಿ ಯಾವ ಕೇಂದ್ರವೂ ಇಲ್ಲದ ಕಡೆ ಇಟ್ಟು ಅನುಮಾನದ ಉಪಕರಣದ ಬಳಿ ಹಿಡಿದರೆ ಗುಂಯ್ ಎನ್ನುವ ಸದ್ದು ಏರುತ್ತದೆ. ಕವಚ ಸರಿಯಿಲ್ಲದ ಎಚ್‌ಡಿಎಂಐ ಕೇಬಲ್ ಮತ್ತು ಯುಎಸ್‌ಬಿ 3.0 ಡಿಸ್ಕ್‌ಗಳಿಂದಲೂ ಒಳಾಂಗಣ ಆಂಟೆನಾವನ್ನು ದೂರವಿಡಿ.

ಹವೆಯ ಕಾರಣ

ಗಾಳಿ ಬೀಸಿದಾಗ ಮಾತ್ರ ಒಡೆದರೆ ಕಂಬದ ಸಡಿಲ ಕ್ಲ್ಯಾಂಪ್ ನೋಡಿ, ಅದು ಗಟ್ಟಿಯಿದ್ದರೆ ಎದುರಿನ ಮರ ನೋಡಿ. ತೂಗುವ ಹಸಿ ಎಲೆಗಳು ಯುಎಚ್‌ಎಫ್ ಅನ್ನು ತಡೆಯುತ್ತವೆ, ಚೆದುರಿಸುತ್ತವೆ. ಆಂಟೆನಾವನ್ನು ಒಂದೆರಡು ಮೀಟರ್ ಪಕ್ಕಕ್ಕೆ ಸರಿಸಿದರೂ ಕೆಲವೊಮ್ಮೆ ದಾರಿ ಸಿಗುತ್ತದೆ. ಗಾಳಿಯಿಲ್ಲದ ಮಂಜಿನ ಬೆಳಗುಗಳಲ್ಲಿ ಮೇಲಿನ ಬಿಸಿ ಪದರ ಸಿಗ್ನಲನ್ನು ಕೆಳಕ್ಕೆ ಬಾಗಿಸಿ, ನೂರಾರು ಕಿಲೋಮೀಟರ್ ದೂರದ, ಅದೇ ಫ್ರೀಕ್ವೆನ್ಸಿಯ ಗೋಪುರವನ್ನು ನಿಮ್ಮ ಮನೆಗೆ ತಲುಪಿಸುತ್ತದೆ. ಎಲ್ಲ ಜೋಡಣೆಯೂ ಸರಿಯಿದ್ದು, ಸ್ಟ್ರೆಂತ್ ಎಂದಿನಂತೆಯೇ ಇದ್ದು, ಅಂಥ ಬೆಳಗುಗಳಲ್ಲಷ್ಟೇ ಕ್ವಾಲಿಟಿ ಬೀಳುತ್ತಿದ್ದರೆ ಆಂಟೆನಾ ಮುಟ್ಟಬೇಡಿ, ಸ್ಕ್ಯಾನ್ ಮಾಡಬೇಡಿ. ಬಿಸಿಲೇರಿ ಪದರ ಕದಡಿದ ಮೇಲೆ ಅಂಕಿ ತಾನಾಗಿ ಹಳೆಯ ಮಟ್ಟಕ್ಕೆ ಮರಳುತ್ತದೆ.